ಟೀ ಹುಳಿಯೋ, ಕ್ಷಾರವೋ? ಮನೆಯಲ್ಲೇ ಪರೀಕ್ಷಿಸಿ ನೋಡುವ ಬಗೆ

"ಟೀ ಕುಡಿದರೆ ಅಸಿಡಿಟಿ" ಅನ್ನುವವರು ಮನೆಮನೆಯಲ್ಲೂ ಇದ್ದಾರೆ. "ಬೆಳಗ್ಗೆ ನಿಂಬೆ ನೀರು ಕುಡಿಯಿರಿ, ಅದು ಕ್ಷಾರ" ಅನ್ನುವ ಮೆಸೇಜ್ ವಾಟ್ಸಾಪಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅಲ್ಕಲೈನ್ ನೀರಿನ ಯಂತ್ರ ಮಾರುವವರು ಲೋಟಕ್ಕೆ ಬಣ್ಣದ ಹನಿ ಹಾಕಿ, ನೀಲಿ ಬಂತು ನೋಡಿ ಅಂತ ತೋರಿಸುತ್ತಾರೆ. ಇದರಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಅಂತ ತಿಳಿಯೋಕೆ ಲ್ಯಾಬ್ ಬೇಕಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಂಜೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಳಿ ಎಷ್ಟಿದೆ ಅಂತ ಹೇಳುವುದರಲ್ಲಿ ನಮ್ಮ ನಾಲಿಗೆ ಅಷ್ಟು ನಂಬಿಕಸ್ಥ ಅಲ್ಲ. ಸಕ್ಕರೆ ಬಿದ್ದರೆ ಸಾಕು, ಅದು ದಾರಿ ತಪ್ಪುತ್ತದೆ. ಹಾಗಾಗಿ ಬಣ್ಣ ನೋಡಿ ತಿಳಿಯಬೇಕು. ಆ ಬಣ್ಣ ಹುಳಿಯ ಮಟ್ಟವನ್ನು ಒಂದು ಅಂಕಿಯಲ್ಲಿ ಹೇಳುತ್ತದೆ. ತಿಳಿದ ಮೇಲೆ ಆ ಅಂಕಿಯನ್ನು ಎಲ್ಲಿ ಬಳಸಬೇಕು, ಎಲ್ಲಿ ಅದಕ್ಕೆ ಬೆಲೆ ಇಲ್ಲ ಅನ್ನೋದೂ ಗೊತ್ತಿರಬೇಕು. ಹಲ್ಲಿಗೆ, ಹಾಲಿಗೆ, ಪಾತ್ರೆಗೆ ಆ ಅಂಕಿ ಬಹಳ ಮುಖ್ಯ. ರಕ್ತಕ್ಕೆ ಅಲ್ಲವೇ ಅಲ್ಲ.

ಅಂಕಿ ಓದುವುದು ಹೇಗೆ

ಹುಳಿ ಮತ್ತು ಕ್ಷಾರವನ್ನು ಅಳೆಯುವ ಅಳತೆಗೆ ಪಿಎಚ್ ಅನ್ನುತ್ತಾರೆ. ಇದನ್ನು ಹುಟ್ಟುಹಾಕಿದವರು ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸೆನ್, 1909ರಲ್ಲಿ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಕುಡಿಯುವ ಪದಾರ್ಥದ ಸುತ್ತಲೇ ಹುಟ್ಟಿದ ಅಳತೆ ಇದು.

ಸಾಮಾನ್ಯವಾಗಿ 0ಯಿಂದ 14ರವರೆಗೆ ಲೆಕ್ಕ. ನಡುವಿನ 7 ಅಂದರೆ ಎರಡೂ ಅಲ್ಲ. 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಎರಡು ಇಳಿದರೆ ನೂರು ಪಟ್ಟು. ಬ್ಲ್ಯಾಕ್ ಟೀ ಸುಮಾರು 5, ಕೋಲಾ ಸುಮಾರು 2.5. ನೋಡೋಕೆ ಅರ್ಧದಷ್ಟು ವ್ಯತ್ಯಾಸ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಕೋಲಾ ಟೀಗಿಂತ ಸುಮಾರು 300 ಪಟ್ಟು ಹೆಚ್ಚು ಆಮ್ಲೀಯ.

ಏನೇನು ಜೋಡಿಸಿಕೊಳ್ಳಬೇಕು

ಮೊದಲನೆಯದು ಪಿಎಚ್ ಪೇಪರ್. ಶಾಲಾ ಕಾಲೇಜುಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಸಣ್ಣ ಪುಸ್ತಕದ ಹಾಗೆ ಹರಿದುಕೊಳ್ಳುವ ಪಟ್ಟಿಗಳು, ಜೊತೆಗೆ ಬಣ್ಣದ ಚಾರ್ಟ್. ಕೊಳ್ಳುವಾಗ 1ರಿಂದ 14ರವರೆಗೆ ತೋರಿಸುವುದನ್ನೇ ಕೇಳಿ. ಅಕ್ವೇರಿಯಂ ಅಂಗಡಿಯ ಕಿಟ್ ನಮ್ಮ ಕೆಲಸಕ್ಕೆ ಬರುವುದಿಲ್ಲ. ಅದು ಮೀನಿಗೆ ಬೇಕಾದ 7ರ ಆಸುಪಾಸನ್ನು ಮಾತ್ರ ತೋರಿಸುತ್ತದೆ. ಬರೀ ನೀಲಿ, ಕೆಂಪು ಲಿಟ್ಮಸ್ ಕೂಡ ಬೇಡ. ಹುಳಿ ಇದೆಯೋ ಇಲ್ಲವೋ ಅಂತ ಹೇಳಿ ಅದು ಸುಮ್ಮನಾಗುತ್ತದೆ, ಎಷ್ಟು ಅಂತ ಹೇಳುವುದಿಲ್ಲ.

ಎರಡನೆಯದು ನೇರಳೆ ಕೋಸು, ಅಂಗಡಿಯವರು ರೆಡ್ ಕ್ಯಾಬೇಜ್ ಅನ್ನುವುದು. ಮಕ್ಕಳಿದ್ದ ಮನೆಯಾದರೆ ಇದನ್ನು ಬಿಡಲೇಬೇಡಿ. ಎರಡು ಮೂರು ಎಲೆ ಸಣ್ಣಗೆ ಹೆಚ್ಚಿ, ಒಂದು ಲೋಟ ಕುದಿಯುವ ನೀರು ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಸೋಸಿದರೆ ಗಾಢ ನೇರಳೆ ನೀರು ಸಿಗುತ್ತದೆ. ಇದಕ್ಕೆ ಬೋರ್‌ವೆಲ್ ನೀರು ಬಳಸಬೇಡಿ. ಅದರಲ್ಲಿರುವ ಕ್ಷಾರಕ್ಕೇ ಕೋಸಿನ ನೀರು ನೀಲಿಗೆ ತಿರುಗಿಬಿಡುತ್ತದೆ, ಆಮೇಲೆ ನಿಮ್ಮ ಹೋಲಿಕೆ ಎಲ್ಲ ತಪ್ಪುತ್ತದೆ. ಫಿಲ್ಟರ್ ನೀರು ಅಥವಾ ಕ್ಯಾನ್ ನೀರು ಪರವಾಗಿಲ್ಲ. ಮಿಕ್ಕಿದ್ದನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಟ್ಟರೆ ಬೇಕಾದಾಗ ಒಂದೊಂದು ಗಡ್ಡೆ ಕರಗಿಸಿಕೊಳ್ಳಬಹುದು.

ಕಾಂಪೌಂಡಿನಲ್ಲಿ ಶಂಖಪುಷ್ಪದ ಬಳ್ಳಿ ಇದ್ದರೆ ಅದೂ ಆಗುತ್ತದೆ. ಹೂವನ್ನು ಬಿಸಿನೀರಿಗೆ ಹಾಕಿದರೆ ಕಡು ನೀಲಿ ಬಿಡುತ್ತದೆ, ನಿಂಬೆ ಹಿಂಡಿದರೆ ಕಣ್ಣೆದುರೇ ನೇರಳೆಯಾಗುತ್ತದೆ. ನೋಡೋಕೆ ಬಹಳ ಚೆಂದ. ಆದರೆ ಸುಮಾರು 4ರಿಂದ 7ರವರೆಗೆ ಅದು ಹೆಚ್ಚುಕಡಿಮೆ ನೀಲಿಯಾಗಿಯೇ ಇರುತ್ತದೆ. ಟೀ, ಕಾಫಿ, ಎಳನೀರು, ಹಾಲು ಎಲ್ಲ ಇರುವುದು ಅದೇ ಜಾಗದಲ್ಲಿ. ಅದಕ್ಕೇ ನನ್ನ ಮತ ಕೋಸಿಗೆ.

ಇನ್ನು ಅರಿಶಿನ. ಆರತಿ ತಟ್ಟೆಯ ನೀರು ಕೆಂಪಾಗೋದು ಅರಿಶಿನಕ್ಕೆ ಸುಣ್ಣ ಸೇರಿದಾಗ, ಅಲ್ವಾ? ಅರಿಶಿನದ ಹಳದಿ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಹುಳಿ ತಾಗಿದರೆ ಏನೂ ಆಗುವುದಿಲ್ಲ, ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಒಂದು ನೀರು ಬಲವಾದ ಕ್ಷಾರವೋ ಅಲ್ಲವೋ ಅಂತ ತಿಳಿಯೋಕೆ ಅರಿಶಿನ ಸಾಕು. ಟೀ, ಕೋಲಾಗಳ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ.

ಪರೀಕ್ಷೆಗೆ ಇಳಿಯೋಣ

ಎಲ್ಲ ಪಾನೀಯಗಳನ್ನೂ ಆರಲು ಬಿಡಿ. ಬಿಸಿ ಇದ್ದಾಗ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಪೇಪರಿನ ಚಾರ್ಟ್ ಕೂಡ ಕೋಣೆಯ ಉಷ್ಣತೆಗೆ ಮಾಡಿದ್ದು. ಕೋಲಾ, ಸೋಡಾಗಳನ್ನು ಮಾತ್ರ ಎರಡು ಸಲ ನೋಡಿ. ಮುಚ್ಚಳ ತೆಗೆದ ಕೂಡಲೇ ಒಮ್ಮೆ, ಗುಳ್ಳೆ ಎಲ್ಲ ಹೋದ ಮೇಲೆ ಇನ್ನೊಮ್ಮೆ. ಸಾದಾ ಸೋಡಾದ ಹುಳಿ ಬರುವುದು ಕರಗಿದ ಇಂಗಾಲದ ಡೈಆಕ್ಸೈಡಿನಿಂದ. ಗ್ಯಾಸ್ ಹೋದರೆ ಹುಳಿಯೂ ಬಹುಪಾಲು ಹೋಗುತ್ತದೆ. ಕೋಲಾದ್ದು ಹೋಗುವುದಿಲ್ಲ, ಅದರಲ್ಲಿ ಫಾಸ್ಫಾರಿಕ್ ಆಮ್ಲ ಬೇರೆ ಇದೆ.

ಪೇಪರನ್ನು ಕುಡಿಯುವ ಲೋಟಕ್ಕೆ ಅದ್ದಬೇಡಿ, ಅದರ ಬಣ್ಣ ಬಿಡುತ್ತದೆ. ಚಮಚದಲ್ಲಿ ಬೇರೆಯಾಗಿ ತೆಗೆದುಕೊಳ್ಳಿ. ಕೈ ಒಣಗಿರಲಿ. ಬೆವರಿದ ಬೆರಳು ತಾಗಿದರೂ ಪೇಪರ್ ಬಣ್ಣ ಬದಲಿಸುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಹೋಲಿಸಿ. ಹಳದಿ ಬಲ್ಬಿನ ಕೆಳಗೆ 4 ಮತ್ತು 6 ಒಂದೇ ಥರ ಕಾಣುತ್ತವೆ.

ಟೀ, ಕಾಫಿ, ಕೋಲಾಗಳಿಗೆ ಸ್ವಂತ ಬಣ್ಣ ಇರುವುದೇ ದೊಡ್ಡ ತೊಡಕು. ಪೇಪರ್ ಕಂದಾದರೆ ಅದು ಟೀಯ ಕಂದೋ, ಪರೀಕ್ಷೆಯ ಕಂದೋ ತಿಳಿಯುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಪಟ್ಟಿಯ ತುದಿಯನ್ನು ಮಾತ್ರ ಟೀಗೆ ತಾಗಿಸಿ ಹಿಡಿಯಿರಿ. ದ್ರವ ತಾನೇ ಮೇಲಕ್ಕೆ ಹೀರಿಕೊಂಡು ಹೋಗುತ್ತದೆ. ಟೀಯ ಬಣ್ಣ ಬಹುಪಾಲು ಕೆಳಗೇ ಉಳಿಯುತ್ತದೆ, ಮುಂದೆ ಹೋದ ತೇವದ ಅಂಚಿನಲ್ಲಿ ಪೇಪರಿನ ನಿಜವಾದ ಬಣ್ಣ ಕಾಣುತ್ತದೆ. ಅದನ್ನು ಓದಿ. ಹಾಲು ಹಾಕಿದ ಟೀಗೂ ಇದೇ ದಾರಿ.

ಕೋಸಿನ ನೀರಿಗೆ ಆರು ಪುಟ್ಟ ಗಾಜಿನ ಲೋಟ ಸಾಲಾಗಿ ಇಡಿ, ಹಿಂದೆ ಬಿಳಿ ಹಾಳೆ. ಪ್ರತಿಯೊಂದಕ್ಕೂ ಎರಡು ಚಮಚ ಕೋಸಿನ ನೀರು. ಮೊದಲನೆಯದನ್ನು ಹಾಗೇ ಬಿಡಿ, ಹೋಲಿಕೆಗೆ ಬೇಕು. ಎರಡನೆಯದಕ್ಕೆ ಒಂದು ಚಮಚ ನಿಂಬೆ ರಸ. ಕಡು ಗುಲಾಬಿ ಕೆಂಪು ಬರುತ್ತದೆ. ಮೂರನೆಯದಕ್ಕೆ ಚಿಟಿಕೆ ಅಡುಗೆ ಸೋಡಾ. ಅದು ನೀಲಿ. ನಾಲ್ಕನೆಯದಕ್ಕೆ ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗೆ ಕೂತ ಮೇಲೆ ಮೇಲಿನ ತಿಳಿ ಒಂದು ಚಮಚ. ಹಸಿರು, ಹೊತ್ತು ಹೋದಂತೆ ಹಳದಿ ಹಸಿರು. ಇದೇ ನಿಮ್ಮ ಚಾರ್ಟ್. ಇನ್ನುಳಿದ ಎರಡು ಲೋಟದಲ್ಲಿ ಎಳನೀರು, ನಲ್ಲಿ ನೀರು, ಸಾದಾ ಸೋಡಾ, ಮಜ್ಜಿಗೆಯ ತಿಳಿ, ಹೀಗೆ ಬಣ್ಣ ಇಲ್ಲದ ಪಾನೀಯಗಳನ್ನು ಒಂದೊಂದಾಗಿ ಹಾಕಿ ನೋಡಿ. ಸುಣ್ಣದ ತಿಳಿಯ ಪಿಎಚ್ 12ರ ಮೇಲಿರುತ್ತದೆ. ಕಣ್ಣಿಗೆ ಹಾರಿದರೆ ಅಪಾಯ. ಆ ಲೋಟದ ಕೆಲಸ ದೊಡ್ಡವರೇ ಮಾಡಲಿ. ಪರೀಕ್ಷೆ ಮಾಡಿದ ಯಾವ ಲೋಟದಿಂದಲೂ ಯಾರೂ ಕುಡಿಯಬಾರದು.

ಏನೇನು ಕಾಣುತ್ತದೆ

ನಿಂಬೆ ರಸ 2ರಿಂದ 2.6. ಕೋಲಾ 2.5ರ ಸುತ್ತಮುತ್ತ. ಇಲ್ಲೇ ನಾಲಿಗೆ ಸೋಲುವುದು. ನಿಂಬೆಯನ್ನು ಬಾಯಿಗಿಟ್ಟರೆ ಮುಖ ಕಿವಿಚುತ್ತೇವೆ, ಕೋಲಾವನ್ನು ಗಟಗಟ ಕುಡಿಯುತ್ತೇವೆ. ನಿಂಬೆ ಪಾನಕ ಮಾಡಿದಾಗ ನೀರು ಸೇರಿ ಅಂಕಿ ತುಸು ಮೇಲೇರುತ್ತದೆ, ಆದರೂ 3ರ ಆಸುಪಾಸಿನಲ್ಲೇ ಇರುತ್ತದೆ. ಕಿತ್ತಳೆ ರಸ 3.3ರಿಂದ 4. ಪುನರ್ಪುಳಿ ಶರಬತ್ತು ಬಲವಾದ ಹುಳಿಯೇ. ಎಷ್ಟು ಬೆಲ್ಲ, ಸಕ್ಕರೆ ಹಾಕಿದರೂ ಪೇಪರ್ ಅದನ್ನು ನಿಂಬೆಯ ಸಾಲಿಗೇ ಸೇರಿಸುತ್ತದೆ. ಮಜ್ಜಿಗೆ 4ರಿಂದ 4.6, ಮೊಸರು ಎಷ್ಟು ಹುಳಿ ಬಂದಿದೆ ಅನ್ನೋದರ ಮೇಲೆ. ಎಳನೀರು, ಕಬ್ಬಿನ ಹಾಲು ಎರಡೂ 5ರ ಆಸುಪಾಸು. ಗಾಣದವರು ಕಬ್ಬಿನ ಜೊತೆ ನಿಂಬೆ ಹಾಕಿ ಅರೆದರೆ ಇನ್ನೂ ಕೆಳಗೆ. ಬ್ಲ್ಯಾಕ್ ಕಾಫಿ 5ರ ಹತ್ತಿರ. ಬ್ಲ್ಯಾಕ್ ಟೀಯೂ 5ರ ಹತ್ತಿರ, ಸ್ವಲ್ಪ ಮೇಲಿರಬಹುದು. ಗ್ರೀನ್ ಟೀ ಅದಕ್ಕಿಂತ ಒಂದಿಷ್ಟು ಮೇಲೆ. ಹಾಲು 6.6ರ ಸುಮಾರು.

ನಾವು ದಿನಾ ಕುಡಿಯುವುದರಲ್ಲಿ 7ನ್ನು ದಾಟುವುದು ಯಾವುದು? ಹುಡುಕಿದರೆ ಹೆಚ್ಚುಕಡಿಮೆ ನೀರು ಒಂದೇ, ಅದರಲ್ಲೂ ಗಡಸು ಬೋರ್‌ವೆಲ್ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ಮಿತಿ 6.5ರಿಂದ 8.5. ಆರ್‌ಓ ನೀರು ಕೆಲವೊಮ್ಮೆ 6ರಿಂದ 6.5 ತೋರಿಸುತ್ತದೆ. ಖನಿಜಗಳು ಹೋಗಿರುವುದರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಕರಗಿದರೂ ಅಂಕಿ ಇಳಿಯುತ್ತದೆ. ಗಾಳಿಗೆ ತೆರೆದಿಟ್ಟ ಶುದ್ಧ ನೀರೂ, ಮಳೆನೀರೂ 5.6ರ ತನಕ ಇಳಿಯುತ್ತವೆ. ಅದರಿಂದ ಹಲ್ಲಿಗೂ ಹೊಟ್ಟೆಗೂ ತೊಂದರೆ ಇಲ್ಲ. ಅಂತಹ ನೀರಿನಲ್ಲಿ ಹುಳಿಯ ಒಟ್ಟು ಪ್ರಮಾಣ ತೀರಾ ಕಡಿಮೆ, ಬಾಯಿಯ ಜೊಲ್ಲು ಒಂದು ಕ್ಷಣದಲ್ಲಿ ಅದನ್ನು ಸರಿ ಮಾಡುತ್ತದೆ.

ಈ "ಒಟ್ಟು ಪ್ರಮಾಣ" ಅನ್ನೋದನ್ನು ಸ್ವಲ್ಪ ನಿಂತು ಗಮನಿಸಬೇಕು. ಕೋಲಾದ ಅಂಕಿ ಕಿತ್ತಳೆ ರಸಕ್ಕಿಂತ ಕೆಳಗಿದೆ. ಆದರೆ ಎರಡನ್ನೂ 7ಕ್ಕೆ ತರಬೇಕಾದರೆ ಕಿತ್ತಳೆ ರಸಕ್ಕೇ ಜಾಸ್ತಿ ಕ್ಷಾರ ಬೇಕು. ಹುಳಿಯ ಚುರುಕು ಬೇರೆ, ಹುಳಿಯ ದಾಸ್ತಾನು ಬೇರೆ. ಪೇಪರ್ ತೋರಿಸುವುದು ಚುರುಕನ್ನು ಮಾತ್ರ.

ಟೀಯನ್ನು ಹತ್ತಿರದಿಂದ ನೋಡಿದರೆ

ಬ್ಲ್ಯಾಕ್ ಟೀ ಮಾಡಿ ಗಾಜಿನ ಲೋಟಕ್ಕೆ ಸೋಸಿ. ಪೇಪರ್ 5ರ ಹತ್ತಿರ ತೋರಿಸುತ್ತದೆ. ಎರಡು ಚಮಚ ಸಕ್ಕರೆ ಹಾಕಿ ಮತ್ತೆ ನೋಡಿ, ಅಲ್ಲೇ ಇರುತ್ತದೆ. ಸಕ್ಕರೆ ರುಚಿಯನ್ನು ಬದಲಿಸುತ್ತದೆ, ಅಂಕಿಯನ್ನಲ್ಲ. ಈಗ ಹಾಲು ಹಾಕಿ. ಅಂಕಿ 6 ದಾಟುತ್ತದೆ. ನಮ್ಮ ಮನೆಗಳ ಹಾಲಿನ ಟೀ ಹುಳಿ ಪಾನೀಯವೇ ಅಲ್ಲ ಅನ್ನುವಷ್ಟು 7ಕ್ಕೆ ಹತ್ತಿರ. "ಟೀ ಅಂದರೆ ಆಸಿಡ್" ಅನ್ನುವವರು ಇದನ್ನೊಮ್ಮೆ ನೋಡಬೇಕು.

ಇನ್ನೊಂದು ಲೋಟ ಬ್ಲ್ಯಾಕ್ ಟೀಗೆ ನಿಂಬೆ ಹಿಂಡಿ. ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಪೇಪರ್ ಒಮ್ಮೆಗೇ 3ರ ಕಡೆ ಇಳಿಯುತ್ತದೆ. ಕಂದು ಕೆಂಪಗಿದ್ದ ಟೀ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಟೀಯ ಕೆಂಪು ಕಂದು ಬಣ್ಣ ಕೊಡುವ ವಸ್ತುಗಳೇ ಬಲಹೀನ ಆಮ್ಲಗಳು. ಹುಳಿ ಹೆಚ್ಚಾದರೆ ತಿಳಿಯಾಗುತ್ತವೆ, ಕ್ಷಾರ ತಾಗಿದರೆ ಕಪ್ಪಾಗುತ್ತವೆ. ಅಂದರೆ ಟೀ ತಾನೇ ಒಂದು ಪರೀಕ್ಷಕ. ನಂಬಿಕೆ ಬರದಿದ್ದರೆ ಮೂರನೇ ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕಾಫಿ ಡಿಕಾಕ್ಷನ್‌ನಷ್ಟು ಗಾಢವಾಗುತ್ತದೆ. ಕಾಶ್ಮೀರದ ನೂನ್ ಚಾಯ್ ಗುಲಾಬಿ ಬಣ್ಣ ಪಡೆಯುವುದೂ ಸೋಡಾದ ನೆರವಿನಿಂದಲೇ. ಅಲ್ಲಿ ಹಸಿರು ಟೀ ಎಲೆಯನ್ನು ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಎತ್ತಿ ಎತ್ತಿ ಸುರಿದು ಗಾಳಿಯಾಡಿಸುತ್ತಾರೆ. ಡಿಕಾಕ್ಷನ್ ಕೆಂಪೇರುತ್ತದೆ, ಹಾಲು ಬಿದ್ದಾಗ ಗುಲಾಬಿಯಾಗುತ್ತದೆ.

ಬೆಂಗಳೂರಿನಲ್ಲಿ ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ನೀರಿನ ಮನೆಗೆ ಹೋದವರು "ಅದೇ ಪುಡಿ, ಅದೇ ಹಾಲು, ಟೀ ಮಾತ್ರ ಮಂಕಾಗಿದೆ" ಅನ್ನುವುದುಂಟು. ಕಾರಣ ಇದೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಅನ್ನುವ ಕ್ಷಾರದ ಅಂಶ ಜಾಸ್ತಿ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ನೀರು ಇನ್ನೂ ಕ್ಷಾರದ ಕಡೆ ಸರಿಯುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಗಾರೆ ಕಟ್ಟುತ್ತದೆ. ಟೀ ಗಾಢವಾಗಿ, ಮಂಕಾಗಿ ಬರುತ್ತದೆ. ಆರುತ್ತಿದ್ದಂತೆ ಮೇಲೆ ಎಣ್ಣೆಯಂತೆ ಮಿರುಗುವ ತೆಳು ಪೊರೆ ಏಳುತ್ತದೆ. ಅದು ಎಣ್ಣೆ ಅಲ್ಲ, ಪುಡಿಯ ಕಲಬೆರಕೆಯೂ ಅಲ್ಲ. ಒಂದು ಹನಿ ನಿಂಬೆ ಹಾಕಿದ ಬ್ಲ್ಯಾಕ್ ಟೀಯಲ್ಲಿ ಆ ಪೊರೆ ಬಾರದು. ಹಾಲಿನ ಟೀಗೆ ಆರ್‌ಓ ನೀರನ್ನೋ, ಬೋರ್ ನೀರಿಗೆ ಅರ್ಧದಷ್ಟು ಆರ್‌ಓ ನೀರು ಬೆರೆಸಿಯೋ ಬಳಸಿ ನೋಡಿ. ಕಟ್ಟಿದ ಗಾರೆಗೆ ಒಂದು ಲೋಟ ನೀರು, ಹಿಂಡಿದ ನಿಂಬೆ ಹೋಳುಗಳು, ಐದು ನಿಮಿಷ ಕುದಿ. ಉಜ್ಜದೆ ಬಿಡುತ್ತದೆ.

ಹಾಲು ಒಡೆಯದ ಹಾಗೆ

ಹಾಲಿನ ಪಿಎಚ್ 4.6ರ ಹತ್ತಿರಕ್ಕೆ ಇಳಿದರೆ ಅದರ ಪ್ರೋಟೀನು ಗಂಟು ಕಟ್ಟುತ್ತದೆ. ಮೊಸರು ಹೆಪ್ಪಾಗುವುದು ಹಾಗೇ. ಬಿಸಿ ಇದ್ದಾಗ ಅಷ್ಟು ಇಳಿಯುವುದೂ ಬೇಡ, 6ರ ಆಚೀಚೆಗೇ ಒಡೆಯಬಹುದು. ನಿನ್ನೆಯ ಹಾಲು ಮೂಗಿಗೂ ನಾಲಿಗೆಗೂ ಸರಿಯಾಗಿದ್ದು, ಒಲೆಯ ಮೇಲೆ ಒಡೆಯುವುದು ಇದಕ್ಕೇ. ಅನುಮಾನ ಇದ್ದರೆ ಮೊದಲು ಪೇಪರ್ ತಾಗಿಸಿ. 6.5ಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದರೆ ಆ ಹಾಲನ್ನು ಟೀ ಪಾತ್ರೆಗೆ ಸುರಿಯಬೇಡಿ. ಒಂದು ಚಮಚ ಹಾಲನ್ನು ಬೇರೆಯಾಗಿ ಕಾಯಿಸಿ ನೋಡಿ.

ಬೆಲ್ಲದ ಟೀ ಒಡೆಯುತ್ತದೆ ಅನ್ನುವ ದೂರು ಎಲ್ಲ ಕಡೆ ಕೇಳುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಇರುತ್ತದೆ, ಖನಿಜ ಲವಣಗಳೂ ಇರುತ್ತವೆ. ಎರಡೂ ಸೇರಿ ಕುದಿಯುವ ಹಾಲನ್ನು ಒಡೆಸುತ್ತವೆ. ಮಾಡಬೇಕಾದ್ದು ಇಷ್ಟು: ಡಿಕಾಕ್ಷನ್ ಕುದಿಸಿ, ಹಾಲನ್ನು ಬೇರೆಯಾಗಿ ಕಾಯಿಸಿ. ಒಲೆ ಆರಿಸಿ ಎರಡನ್ನೂ ಸೇರಿಸಿ. ಒಂದೆರಡು ನಿಮಿಷ ಬಿಟ್ಟು, ಕುದಿ ಅಡಗಿದ ಮೇಲೆ ಬೆಲ್ಲದ ಪುಡಿ ಹಾಕಿ ಕಲಕಿ. ಮತ್ತೆ ಒಲೆಯ ಮೇಲೆ ಇಡಬೇಡಿ.

ಶುಂಠಿ ಟೀ ಒಡೆದರೆ ಅದಕ್ಕೆ ಹುಳಿ ಕಾರಣ ಅಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಟೀಪುಡಿಯ ಜೊತೆ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಆಮೇಲೆ ಹಾಲು ಹಾಕಿದರೆ ತೊಂದರೆ ಇಲ್ಲ. ದಾಸವಾಳದ ಟೀಗೆ ಮಾತ್ರ ಹಾಲಿನ ಯೋಚನೆಯನ್ನೇ ಬಿಡಿ. ಒಣಗಿಸಿದ ಪುಂಡಿ ದಾಸವಾಳದ ಟೀ 3ರ ಹತ್ತಿರ ಇರುತ್ತದೆ, ಹಾಲು ತಕ್ಷಣ ಒಡೆಯುತ್ತದೆ.

ಕಾಫಿ ಕುಡಿಯುವವರಿಗೆ ಒಂದೇ ಮಾತು. ಬೆಳಗ್ಗೆಯ ಡಿಕಾಕ್ಷನ್ ಸಂಜೆಗೆ ಹುಳಿ ಬರುವುದು ನಿಮ್ಮ ಭ್ರಮೆ ಅಲ್ಲ. ಬಿಸಿಯಲ್ಲಿ ಇಟ್ಟಷ್ಟೂ ಅದರಲ್ಲಿ ಆಮ್ಲ ಹೆಚ್ಚುತ್ತದೆ. ಇಡಲೇಬೇಕಾದರೆ ಫ್ರಿಜ್‌ನಲ್ಲಿಡಿ. ಡಿಕಾಕ್ಷನ್ನನ್ನು ಕುದಿಸಬೇಡಿ, ಬಿಸಿ ಹಾಲಿಗೆ ಬೆರೆಸಿ. ಪುಡಿ ಕೊಳ್ಳುವಾಗ ಹೆಚ್ಚು ಹುರಿದದ್ದು ಕೇಳಿದರೆ ಹುಳಿ ಕಡಿಮೆ. ಚಿಕ್ಕಮಗಳೂರಿನದ್ದಾಗಲಿ ಕೊಡಗಿನದ್ದಾಗಲಿ, ಅರೇಬಿಕಾ ಸಾಮಾನ್ಯವಾಗಿ ರೊಬಸ್ಟಾಗಿಂತ ಹುಳಿ ಮುಂದು.

ಹಲ್ಲಿನ ವಿಷಯಕ್ಕೆ ಬಂದರೆ

ನನಗೆ ಕೇಳಿದರೆ, ಈ ಪರೀಕ್ಷೆಯ ದೊಡ್ಡ ಲಾಭ ಇಲ್ಲಿದೆ. ಹಲ್ಲಿನ ಹೊರಪದರ ಎನಾಮೆಲ್ ಸುಮಾರು 5.5ಕ್ಕಿಂತ ಕೆಳಗೆ ಕರಗತೊಡಗುತ್ತದೆ. ಒಸಡು ಸರಿದು ಬೇರು ಕಾಣುತ್ತಿರುವ ವಯಸ್ಸಾದವರಲ್ಲಿ ಇನ್ನೂ ಬೇಗ. ಬೇರಿನ ಪದರ 6ರ ಮೇಲಿರುವಾಗಲೇ ಕರಗಲು ಶುರುವಾಗುತ್ತದೆ. ಈ ಗೆರೆಯನ್ನು ನಿಮ್ಮ ಪಟ್ಟಿಯ ಮೇಲೆ ಎಳೆದು ನೋಡಿ. ಕೋಲಾ, ನಿಂಬೆ ಪಾನಕ, ಲೆಮನ್ ಟೀ ಎಲ್ಲ ಬಹಳ ಕೆಳಗೆ ಬೀಳುತ್ತವೆ. ಬ್ಲ್ಯಾಕ್ ಟೀ, ಕಾಫಿ ಗೆರೆಯ ಹತ್ತಿರ. ಹಾಲಿನ ಟೀ ಗೆರೆಯ ಮೇಲೆ.

ಮಜ್ಜಿಗೆ ಇಲ್ಲಿ ವಿಶೇಷ. ಅದರ ಅಂಕಿ 4.5ರ ಹತ್ತಿರ ಇದ್ದರೂ ಹಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ. ಮೊಸರಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿದೆ. ಹಲ್ಲು ಆಗಿರುವುದೂ ಅವುಗಳಿಂದಲೇ. ಸುತ್ತಲ ದ್ರವದಲ್ಲಿ ಅವು ಮೊದಲೇ ಧಾರಾಳವಾಗಿದ್ದರೆ ಹಲ್ಲಿನಿಂದ ಕರಗಿ ಹೋಗುವುದು ಕಡಿಮೆ. ಬೇಸಿಗೆಯಲ್ಲಿ ಮಕ್ಕಳಿಗೆ ಕೋಲಾ ಬದಲು ಮಜ್ಜಿಗೆ ಕೊಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಲಿನ ಟೀಯ ಅಂಕಿ ಚೆನ್ನಾಗಿದೆ ಅಂತ ಪೂರ್ತಿ ಬಿಡುಗಡೆಯೂ ಇಲ್ಲ. ಅದರ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ. ಕುಡಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಪಿಎಚ್ ಕುಸಿಯುತ್ತದೆ. ಮತ್ತೆ ಮೇಲೇರಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಆಫೀಸಿನಲ್ಲಿ ಒಂದು ಕಪ್ಪನ್ನು ಗಂಟೆಗಟ್ಟಲೆ ಗುಟುಕು ಗುಟುಕಾಗಿ ಕುಡಿಯುವವರ ಹಲ್ಲಿಗೆ ಈ ಬಿಡುವೇ ಸಿಗುವುದಿಲ್ಲ. ಟೀ ಕುಡಿಯಿರಿ, ಆದರೆ ಕೂತು ಕುಡಿದು ಮುಗಿಸಿ. ಮುಗಿದ ಮೇಲೆ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ.

ಹುಳಿ ಪಾನೀಯ ಕುಡಿದ ಕೂಡಲೇ ಬ್ರಷ್ ಮಾಡಬೇಡಿ. ಎನಾಮೆಲ್ ಆಗ ಮೆತ್ತಗಿರುತ್ತದೆ, ಬ್ರಷ್ ಅದನ್ನು ಉಜ್ಜಿ ತೆಗೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಡಿಮೆಯೆಂದರೂ ಅರ್ಧ ಗಂಟೆ ಕಾಯಿರಿ. ಬೆಳಗ್ಗೆ ಎದ್ದ ತಕ್ಷಣ ನಿಂಬೆ ನೀರು ಕುಡಿದು ಆಮೇಲೆ ಹಲ್ಲುಜ್ಜುವ ಅಭ್ಯಾಸ ಇದ್ದರೆ ಇವತ್ತೇ ಕ್ರಮ ಬದಲಿಸಿ: ಮೊದಲು ಹಲ್ಲು, ಆಮೇಲೆ ನಿಂಬೆ.

ಹೊಟ್ಟೆಯ ಲೆಕ್ಕ ಬೇರೆ

ಹೊಟ್ಟೆಯೊಳಗಿನ ಆಮ್ಲ 1.5ರಿಂದ 3.5. ಅಲ್ಲಿಗೆ 5ರ ಟೀ ಹೋದರೆ ಹೊಟ್ಟೆಯ ಹುಳಿ ಏರುವುದಿಲ್ಲ, ಟೀಗಿಂತ ಹೊಟ್ಟೆಯೇ ಸುಮಾರು 30ರಿಂದ 3000 ಪಟ್ಟು ಹುಳಿ. ಹಾಗಾದರೆ ಟೀ, ಕಾಫಿ ಕುಡಿದಾಗ ಕೆಲವರಿಗೆ ಎದೆ ಉರಿಯುವುದು ಸುಳ್ಳೇ? ಸುಳ್ಳಲ್ಲ. ಕಾರಣ ಬೇರೆ. ಕಾಫಿ ಹೊಟ್ಟೆಯಲ್ಲಿ ಆಮ್ಲ ಸುರಿಯುವುದನ್ನು ಹೆಚ್ಚಿಸುತ್ತದೆ. ಕೆಫೀನ್ ಕೆಲವರಲ್ಲಿ ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುತ್ತದೆ, ಆಮ್ಲ ಮೇಲಕ್ಕೆ ಬರುತ್ತದೆ. ಹಾಲು ಕುಡಿದರೆ ತಕ್ಷಣ ತಂಪೆನಿಸುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಅದೂ ಆಮ್ಲವನ್ನು ಕೆರಳಿಸುತ್ತದೆ. ಆದ್ದರಿಂದ ಎದೆ ಉರಿ ಇರುವವರು ಪಾನೀಯದ ಅಂಕಿ ನೋಡಿ ಆರಿಸಬೇಡಿ. ಯಾವುದು ಕುಡಿದಾಗ, ಎಷ್ಟು ಹೊತ್ತಿಗೆ, ಖಾಲಿ ಹೊಟ್ಟೆಯಲ್ಲೋ ಊಟದ ಮೇಲೋ ಉರಿ ಬಂತು ಅಂತ ಎರಡು ವಾರ ಬರೆದಿಡಿ. ಒಂದೊಂದನ್ನೇ ಬಿಟ್ಟು ನೋಡಿ. ಕಿತ್ತಳೆ, ನಿಂಬೆಯಂಥ ಹುಳಿ ಪಾನೀಯಗಳು ಈಗಾಗಲೇ ಕೆರಳಿದ ಅನ್ನನಾಳವನ್ನು ನೇರವಾಗಿ ಉರಿಸಬಹುದು. ಅಲ್ಲಿ ಮಾತ್ರ ಅಂಕಿಗೆ ಬೆಲೆ ಇದೆ.

ಅಡುಗೆ ಸೋಡಾ ನೀರು ಕುಡಿಯುವ ಮನೆಮದ್ದಿನ ಬಗ್ಗೆ ಎಚ್ಚರ. ಉರಿ ಶಮನ ಆಗುವುದು ನಿಜ. ಆದರೆ ಒಂದು ಟೀ ಚಮಚ ಸೋಡಾದಲ್ಲಿ 1200 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2000 ಮಿಲಿಗ್ರಾಂ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಇದನ್ನು ಮುಟ್ಟಬಾರದು. ಈನೋ ತರಹದ ಪುಡಿಗಳಲ್ಲೂ ಸೋಡಿಯಂ ಇದೆ. ಪದೇಪದೇ ಬೇಕಾಗುತ್ತಿದ್ದರೆ ಡಾಕ್ಟರನ್ನು ನೋಡಿ. ನುಂಗಲು ಕಷ್ಟ, ಕಪ್ಪು ಮಲ, ಕಾರಣ ಇಲ್ಲದೆ ತೂಕ ಇಳಿಯುವುದು ಇದ್ದರಂತೂ ಕಾಯಲೇಬೇಡಿ. ಎದೆಯಲ್ಲಿ ಬಿಗಿತ, ಬೆವರು, ಕೈಗೋ ದವಡೆಗೋ ಹರಿಯುವ ನೋವು ಇದ್ದಾಗ "ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡಿದು ಮಲಗು" ಅಂತ ಯಾರೂ ಹೇಳಬಾರದು. ನೇರ ಆಸ್ಪತ್ರೆಗೆ ಹೋಗಬೇಕು.

ಈಗ ನಿಂಬೆ ನೀರು ಕ್ಷಾರ ಅನ್ನುವ ಮಾತು. ಲೋಟದಲ್ಲಿ ಅದು ಹುಳಿ, ಪೇಪರ್ ಅದನ್ನು ತೋರಿಸಿಯಾಯಿತು. ದೇಹದೊಳಗೆ ಅದರ ಹುಳಿಯ ಸಿಟ್ರೇಟ್ ಅನ್ನುವ ಭಾಗ ಉರಿದು ಬೈಕಾರ್ಬನೇಟ್ ಉಳಿಯುತ್ತದೆ, ಮೂತ್ರ ಸ್ವಲ್ಪ ಕ್ಷಾರದ ಕಡೆ ಹೋಗಬಹುದು. ಮೆಸೇಜಿನ ನಿಜದ ಭಾಗ ಇಷ್ಟೇ. ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ನಿಂತಿರುತ್ತದೆ. ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಿ, ಕಿಡ್ನಿ ಆಮ್ಲವನ್ನು ಮೂತ್ರಕ್ಕೆ ತಳ್ಳಿ ಅದನ್ನು ಕಾಯುತ್ತವೆ. ಕುಡಿಯುವ ಪಾನೀಯದಿಂದ ಅದನ್ನು ಬದಲಿಸಲು ಆಗುವುದಿಲ್ಲ, ಬದಲಾದರೆ ಅದು ಐಸಿಯುಗೆ ಸೇರಿಸುವಷ್ಟು ದೊಡ್ಡ ಕಾಯಿಲೆ. 9ರ ಅಲ್ಕಲೈನ್ ನೀರು ಹೊಟ್ಟೆಯ ಆಮ್ಲ ಸೇರಿದ ಕೂಡಲೇ ತನ್ನ ಕ್ಷಾರ ಕಳೆದುಕೊಳ್ಳುತ್ತದೆ. ಇದಕ್ಕಾಗಿ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಮಾರಲು ಬಂದವರು ಬಣ್ಣ ತೋರಿಸಿದರೆ, ಆ ನೀಲಿ ಲೋಟಕ್ಕೆ ಎರಡು ಹನಿ ನಿಂಬೆ ಹಿಂಡಿ ನೋಡಿ ಅಂತ ಕೇಳಿ. ಕ್ಷಣದಲ್ಲಿ ಬಣ್ಣ ತಿರುಗುತ್ತದೆ. ಹೊಟ್ಟೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಆಮ್ಲ ಇದೆ.

ಪಾತ್ರೆ ಯಾವುದು

ನಿಂಬೆ ನೀರು, ಮಜ್ಜಿಗೆ, ಪುನರ್ಪುಳಿ, ಹುಳಿ ಬಂದ ಅಂಬಲಿ, ಇವನ್ನು ತಾಮ್ರದ ಬಾಟಲಿಯಲ್ಲೋ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲೋ ಇಡಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತದೆ. ಕಿಲುಬಿನ ರುಚಿ ಬರುವುದು, ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುವುದು ಅದರಿಂದ. ಹಿಂದಿನವರು ಹಿತ್ತಾಳೆ ಪಾತ್ರೆಗೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ. ತಾಮ್ರದ ಬಾಟಲಿಗೆ ಸಾದಾ ನೀರು ಮಾತ್ರ. ಹುಳಿ ಪಾನೀಯಕ್ಕೆ ಸ್ಟೀಲ್, ಗಾಜು, ಪಿಂಗಾಣಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಲಿನ ಟೀ ಕಾಯಿಸಿ ಇಳಿಸಿದರೆ ಪರವಾಗಿಲ್ಲ, ಆದರೆ ನಿಂಬೆ, ಹುಣಸೆ ಹಾಕಿದ್ದನ್ನು ರಾತ್ರಿಯಿಡೀ ಬಿಡಬೇಡಿ. ಉಳಿದ ಪಿಎಚ್ ಪೇಪರನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದಲೂ ಸಿಂಕಿನಿಂದಲೂ ದೂರ ಇಡಿ. ತೇವ ಹಿಡಿದರೆ ಅಂಕಿ ಸರಿ ಬರುವುದಿಲ್ಲ. ಮುಂದಿನ ಸಲ ತೆಗೆದಾಗ ಮೊದಲು ನಿಂಬೆ ರಸಕ್ಕೆ ತಾಗಿಸಿ. 2ರ ಹತ್ತಿರದ ಬಣ್ಣ ಬಂದರೆ ಪೇಪರ್ ಇನ್ನೂ ಚೆನ್ನಾಗಿದೆ.